ಶೇಂಗಾ ಒಯ್ರಿ, ಬಾಯಿ ಬಿಟ್ಟು ಹೋಗ್ರಿ

“ನಾಳೆ ಶೇಂಗಾ ಒಯ್ಯೂದು ಮರೀಬ್ಯಾಡ್ರಿ. ಬಾಯಿ ಮಾತ್ರ ಮನ್ಯಾಗ ಬಿಟ್ಟು ಹೋಗ್ರಿ,” ಅಂದ್ಲು ನಿಮ್ಮ ಆಯಿ. ಅದ ಕಡೀ ಮಾತು. ಬ್ಯಾರೆಯವರ ಹೆಂಡರು ಹೋಗೂ ಮುಂದ ದೇವರ ಹೆಸರು ತಗೋತಾರಂತ. ನನ್ನಾಕಿ ನನ್ನ ಬಾಯಿ ನೆನಸಿಕೊಂಡು ಹೋದ್ಲು.

ಯಾವ ಬಾಯಿ ಅಂದ್ರ, ಹೇಳ್ತೀನಿ, ಕೂಡ್ರಿ ಮೊಮ್ಮಕ್ಕಳ್ರಾ. ಆಗ ನಾ ತೆಲುಗು ಸೀಮಿ ಜೀಡಿಮೆಟ್ಲಾದ ಕಾರ್ಖಾನ್ಯಾಗ ಲೇತ್ ಮಷೀನಿನ ಮ್ಯಾಲೆ ಇದ್ದೆ. ಆ ಸಪ್ಪಳದಾಗ ಒದರಿ ಒದರಿ ಮಾತಾಡೂ ಚಟ. ಓದಿದ್ದು ಮೂರನೇತ್ತೆ, ಅಲ್ಲ, ನಾಕನೇತ್ತೆ ಅರ್ಧ. ಊರಾಗ ಕಬಡ್ಡಿ ಆಡಿದ್ದೆ ನೋಡ್ರಿ, ಅದಕ್ಕ ಕಾಲನಿ ಹುಡುಗ್ಯಾರಿಗೆ ನಾನ ಗುರು. ಆಟ ನಡದಾಗ ಗೆರಿಗೆ ನಿಂತು ಒದರೂದು. ನಮ್ಮ ಹುಡುಗ್ಯಾರಿಗೆ ಕನ್ನಡ, ಪದ್ಮಾಗ ತೆಲುಗು, ನಸ್ರೀನಗ ಉರ್ದು. “ಹಿಡೀ, ಪಟ್ಟುಕೋ, ಪಕಡ್.” ಒಂದ ಮಾತು ಮೂರು ಸಲ. ಮೂರನೇದು ಹೇಳೂದ್ರಾಗ ಎದುರಿನಾಕಿ ಗೆರಿ ದಾಟಿ ನೀರು ಕುಡ್ಯಾಕತ್ತಿರ್ತಿದ್ಲು.

ಎರಡು ವರ್ಷ ಸೋತ್ವಿ. ಹುಡುಗ್ಯಾರಿಗೆ ಗುಂಡಿಗಿ ಇಲ್ಲ ಅಂದೆ ನಾ. ಮೈದಾನದ ಉಸ್ತುವಾರಿ ಸಾಹೇಬ ಅಂದ, “ಈ ಸಲಾನೂ ಸೋತ್ರ ಮೈದಾನ ಗಂಡುಹುಡುಗರ ಕ್ರಿಕೆಟ್ಟಿಗೆ. ಹುಡುಗ್ಯಾರು ಅಡಗಿ ಕಲೀಲಿ.” ಮತ್ತ ಅವಗ ಭಾಳ ಕರುಣಾ ಬಂತು. ಗಾಬರಿ ಬಿಡಸಾಕ ಬೇಗಂಪೇಟಿಂದ ಒಬ್ಬ ಟೈ ಕಟ್ಟಿದವನ್ನ ಕರಸಿದ. ಅವ ಬಂದು, ಹುಡುಗ್ಯಾರ ಕಣ್ಣು ಮುಚ್ಚಿಸಿ, “ಅಂಜಿಕಿ ಬಂದಾಗೆಲ್ಲಾ ಉದ್ದಕ ಉಸಿರು ತಗೋರಿ, ಬೇಟಾ,” ಅಂದು, ಚಾ ಕುಡದು ಹೋದ. ನಾನೂ ತಲಿ ಅಲ್ಲಾಡಿಸಿದೆ. ಟೈ ಇತ್ತಲ್ಲ.

ಮರುವಾರ ಆಟದಾಗ ಪದ್ಮಾ ಎದುರಿನವರ ಅಂಗಳಕ್ಕ ಹೋದ್ಲು. ಅಂಜಿಕಿ ಬಂತು. ಕಣ್ಣು ಮುಚ್ಚಿ ಉದ್ದಕ ಉಸಿರು ತಗೊಂಡ್ಲು. ಕಬಡ್ಡಿ ಕಬಡ್ಡಿ ಅನ್ನೂದು ತಪ್ಪಿಸಿ ಉಸಿರು ತಗೊಂಡ್ರ ಔಟ್, ಗೊತ್ತೈತಿಲ್ಲೋ. “ಮಾಮಾ, ಆ ಸಾರು ಕಬಡ್ಡಿ ಆಡ್ಯಾರಾ?” ಅಂತ ಕೇಳಿದ್ಲು. ನಾ ಆಡಿದ್ದೆ, ನನಗೂ ಹೊಳೀಲಿಲ್ಲ.

ನಿಮ್ಮ ಆಯಿ ನಗಲಿಲ್ಲ. ಮುಂದಿನ ಆಟದ ದಿನ ಬೇಗಂ ಬಜಾರಿಂದ ತಂದ ಶೇಂಗಾ ಮೊರದಾಗ ಸುರುವಿ ಹುಡುಗ್ಯಾರ ನಡುವ ಇಟ್ಲು. “ಸುಲೀರಿ. ನನಗ ಚಟ್ನಿ ಮಾಡೂದೈತಿ.” ಸುಲೀತಾ ಸುಲೀತಾ ಆ ಟೈ ಆಡಿಕೊಂಡು ನಕ್ರು. ಅಂಜಿಕಿ ಮರತೇ ಬಿಟ್ಟಿದ್ರು. ನನಗ ಕಾಣ್ಲಿಲ್ಲ.

“ಆಟದ ಮುಂದ ಇದೇನ ಅಡಗಿ ಕೆಲಸ?” ಅಂದೆ.

“ಕೈಗೆ ಕೆಲಸ ಇದ್ರ ಎದಿ ಸುಮ್ಮನಿರ್ತೈತ್ರಿ. ನಿಮ್ಮ ಬಾಯಿಗೂ ಒಂದು ಕೆಲಸ ಹುಡುಕಬೇಕು.”

ಹಂಗ ಶೇಂಗಾ ಸುಲೀತಾ ಆಡಿ ಫೈನಲ್ಲಿಗೆ ಬಂದ್ವಿ. ಅದು ಐತವಾರ ಇತ್ತು. ಶನಿವಾರ ಮುಂಜಾನೆ ಆಕಿಗೆ ಎದಿ ನೋವು ಬಂತು. ದವಾಖಾನ್ಯಾಗ ಆ ಶೇಂಗಾದ ಮಾತು ಹೇಳಿದ್ಲು. ಮಧ್ಯಾಹ್ನಕ್ಕ ಹೋದ್ಲು. ಹೊತ್ತು ಮುಳುಗೂದ್ರಾಗ ಎಲ್ಲಾ ಮುಗೀತು. ಹುಡುಗ್ಯಾರು ಬಂದು, “ನಾವು ಆಡಂಗಿಲ್ಲ, ಮಾಮಾ,” ಅಂದ್ರು. ನಮ್ಮಣ್ಣ ಅಂದ, “ಸೂತಕದಾಗ ನೀ ಆಟಕ್ಕ ಹೋದ್ರ ಮಂದಿ ಏನಂತಾರೋ?” ಮಂದಿ ಅಂದು ಮರೀತಾರ. ಮೈದಾನ ಹೋದ್ರ ತಿರುಗಿ ಬರೂದಿಲ್ಲ.

ಮರುದಿನ ಮುಂಜಾನೆ ಶೇಂಗಾ ಚೀಲ, ಮೊರ ತಗೊಂಡು ಮೈದಾನಕ್ಕ ಹೋದೆ. “ಸುಲೀರಿ,” ಅಂದೆ. ಅತ್ತುಗೋತ ಸುಲಿದ್ರು. ಆಮ್ಯಾಲೆ ಆಡಿದ್ರು. ಕಡೀ ರೇಡಿಗೆ ಎರಡೂ ಕಡಿ ಅಂಕ ಸಮ. ಪದ್ಮಾ ಹೋಗೂ ಮುಂದ ನನ್ನ ಕಡಿ ನೋಡಿದ್ಲು. ನನ್ನ ಗಂಟಲದಾಗ ಮೂರೂ ಭಾಷಾ ಎದ್ದು ನಿಂತ್ವು. ಒಂದು ಬೊಗಸಿ ಶೇಂಗಾ ಬಾಯಾಗ ತುರಕಿಕೊಂಡೆ. ಆಕಿ ಸಾವಕಾಶ ಹೋದ್ಲು, ಒಬ್ಬಾಕಿನ್ನ ಮುಟ್ಟಿದ್ಲು, ತಿರುಗಿ ಬಂದ್ಲು. ಮೈದಾನ ಉಳೀತು. ಸಾಹೇಬ ಬಂದು ನನ್ನ ಕೈ ಕುಲುಕಿ, “ನೋಡಿದಿ, ಉಸಿರಿನ ಪಾಠ ಹೆಂಗ ಕೆಲಸ ಮಾಡ್ತು,” ಅಂದ. ನನ್ನ ಬಾಯಾಗ ಶೇಂಗಾ ಇತ್ತು, ಬೈಗಳದಿಂದ ಅವ ಉಳಕೊಂಡ. ಮಕ್ಕಳು ಅಂಜೂದು ಎದುರಿಗೆ ನಿಂತವರಿಗಲ್ರೋ, ಬೆನ್ನ ಹಿಂದ ನಿಂತು ಒದರೂವರಿಗೆ. ಉಳದ ಶೇಂಗಾ ಹುಡುಗ್ಯಾರ ಉಡ್ಯಾಗ ಹಾಕಿ, ಖಾಲಿ ಮೊರ ಹಿಡಕೊಂಡು ಮನಿಗೆ ಬಂದೆ.