ಹಂದಿಗೆ ಅಷ್ಟು ದೊಡ್ಡ ಕೋವಿ

ಕಾರಡ್ಕದ ಬಸ್ ತಂಗುದಾಣದಲ್ಲಿ ಅಕ್ಷಯಾಳ ಬೆನ್ನ ಹಿಂದೆ ಇಬ್ಬರು ಕೋವಿಯ ಮಾತಾಡುತ್ತಿದ್ದರು. ಅಜ್ಜಿಯ ಬೇಟೆಯ ಕತೆ ಕೇಳಿ ಬೆಳೆದವಳ ಕಿವಿ ತಾನಾಗಿ ಅತ್ತ ವಾಲಿತು.

“ಲೈಸೆನ್ಸ್ ಕೊಡುವುದಿಲ್ಲವಂತೆ. ಪೊಲೀಸರು ವಿಚಾರಿಸಲು ಬಂದಾಗ ನನಗೆ ಆಗದವ ಯಾರೋ ಎಂತದೋ ಹೇಳಿದ್ದಾನೆ, ಪ್ರವೀತ.”

“ಹೇಳಿದ್ದು ನಾನೇ, ಭಾವ.”

ಹಿರಿಯವನು ನಕ್ಕ. “ತಮಾಷೆ ಬೇಡ ಮಾರಾಯ. ಕಡಿಮೆ ಕ್ರಯದ ರೈಫಲ್ ಹುಡುಕಲು ಮಂಗಳೂರಲ್ಲಿ ನನ್ನೊಟ್ಟಿಗೆ ಅಂಗಡಿ ಅಂಗಡಿ ಸುತ್ತಿದವ ನೀನು.”

“ಹೆದರಿಕೆ ಆದದ್ದೇ ಅಲ್ಲಿ. ನಿಮ್ಮ ತೋಟಕ್ಕೆ ಬರುವುದು ಹಂದಿ. ನೀವು ಕೇಳಿದ್ದು ಕಾಡುಕೋಣ ಬೀಳಿಸುವಂಥದ್ದು.”

“ಹಳೆಯದು, ಅಗ್ಗಕ್ಕೆ ಸಿಗ್ತಿತ್ತು. ಪೊಲೀಸರಿಗೆ ಎಂತ ಹೇಳಿದೆ?”

“ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದರಲ್ಲಿ ಅಕ್ಕನಿಗೆ ಹೊಡೆಯುತ್ತೀರಿ ಅಂತ.”

“ಅವಳು ಹೇಳಿದಳಾ?”

“ಇಲ್ಲ. ನಿಮ್ಮಲ್ಲಿ ಉಣ್ಣುವ ಬಟ್ಟಲು ಒಂದೂ ನೆಟ್ಟಗಿಲ್ಲ, ಹೊಡೆದು ಹೊಡೆದು ಎಲ್ಲ ನೆಗ್ಗಿವೆ. ನನಗೆ ಕಣ್ಣಿಲ್ಲವಾ?”

“ಅದೇ ಬಟ್ಟಲಲ್ಲಿ ಉಂಡು ನನಗೇ ಎರಡು ಬಗೆದೆಯಲ್ಲ.”

ಅಜ್ಜಿಯ ಕತೆಗಳಲ್ಲಿ ಬೇಟೆಗಾರನ ಜೊತೆಗಾರ ಎಂದೂ ಬೇಟೆಯಾಗುವ ಪ್ರಾಣಿಯ ಕಡೆ ಸೇರಿದ್ದಿಲ್ಲ.

ಬಸ್ಸು ಬಂತು. ಪ್ರವೀತ ಭಾವನ ಚೀಲ ಎತ್ತಿಕೊಳ್ಳಲು ಕೈ ಹಾಕಿದ. ಹಿರಿಯವನು ಅದನ್ನು ಕಸಿದುಕೊಂಡ.

“ಇನ್ನು ನನ್ನ ಮನೆಗೆ ಬರಬೇಡ.”

“ಬರ್ತೇನೆ ಭಾವ. ಇನ್ನು ದಿನಾ ಬರ್ತೇನೆ.”

ಒಬ್ಬ ಮುಂದಿನ ಬಾಗಿಲಿನಿಂದ, ಇನ್ನೊಬ್ಬ ಹಿಂದಿನ ಬಾಗಿಲಿನಿಂದ ಹತ್ತಿದರು.