ಕೋಟೆ ಬಾಗಿಲಿನ ಹಾಜರಿ

ಹಂಗನ್ಬೇಡ್ವೇ, ತಪ್ಪು. ಎದುರುಮನೆ ಶಾಂತನ ಗಂಡ ಹೋಗಿ ಇನ್ನೂ ತಿಂಗಳಾಗಿಲ್ಲ, ಆಗ್ಲೇ ಸೊಪ್ಪು ತರಕ್ಕೆ ಹೋಗ್ತಾಳೆ, ಒಂದ್ ಹನಿ ಕಣ್ಣೀರು ಹಾಕ್ಲಿಲ್ಲ ಅಂತ ಬೀದಿಯೋರು ಬೇಕಾದ್ರೆ ಮಾತಾಡ್ಕೊಳ್ಳಿ, ನೀವಿಬ್ರು ಮಾತಾಡ್ಬೇಡಿ. ನಾನೂ ಅಳ್ಲಿಲ್ಲ, ಗೊತ್ತಾ? ನಿಮ್ಮಜ್ಜ ಹೋದಾಗ. ನಿಂಗಾಗ ನಾಲ್ಕು ವರ್ಷ, ಇವನಿನ್ನೂ ಹುಟ್ಟಿರ್ಲಿಲ್ಲ. ಅಲ್ಲಲ್ಲ, ನಿಮ್ಮಮ್ಮನ ಹೊಟ್ಟೇಲಿದ್ದ. ಅಜ್ಜ ಮಿಲಿಟರಿಲಿ ಹವಾಲ್ದಾರ್ ಆಗಿ ರಿಟೈರ್ ಆದ್ರಲ್ಲ, ಆಮೇಲೆ ಇದೇ ಅಲ್ಲಾಳಸಂದ್ರದಲ್ಲಿ ಬಾಡಿಗೆ ಮನೆ ಮಾಡಿ, ಕೆಂಪಾಪುರದ ಒಂದು ಅಪಾರ್ಟ್‌ಮೆಂಟಲ್ಲಿ ಸೆಕ್ಯುರಿಟಿ ಕೆಲ್ಸಕ್ಕೆ ಸೇರಿದ್ರು. ಗೇಟಲ್ಲಿ ಬರೋ ಕಾರಿಗೆಲ್ಲ ಸಲ್ಯೂಟ್ ಹೊಡಿಯೋರು. ನಂಗೆ ಬೇಜಾರಾಗೋದು. 'ಯಾಕ್ರೀ, ಆ ಚೋಟುದ್ದ ಹುಡುಗ್ರಿಗೆಲ್ಲ ಸಲ್ಯೂಟಾ?' ಅಂದ್ರೆ, 'ಅವ್ರಿಗಲ್ವೇ ಮಾರಾಯ್ತಿ, ಕೈಗೆ ಅಭ್ಯಾಸ' ಅನ್ನೋರು. ಶಿವರಾತ್ರಿ ಆಗಿ ಒಂದ್ ವಾರ ಆಗಿತ್ತು, ಬೆಳಿಗ್ಗೆ ತಿಂಡಿ ತಿಂದು ಡ್ಯೂಟಿಗೆ ಹೋದೋರು ಗೇಟ್ ಪಕ್ಕದ ಕುರ್ಚಿಲಿ ಕೂತಲ್ಲೇ ಹೋಗ್ಬಿಟ್ರು. ಹಾರ್ಟು ಅಂದ್ರು ಡಾಕ್ಟ್ರು.

ನಂಗೇನೂ ಆಗ್ಲಿಲ್ಲ. ನಿಜವಾಗ್ಲೂ ಹೇಳ್ತಿದೀನಿ, ಏನೂ ಆಗ್ಲಿಲ್ಲ. ಬಂದೋರೆಲ್ಲ ಬೆನ್ನು ಸವರಿ 'ಅತ್ತುಬಿಡಮ್ಮ, ಒಳಗಿಟ್ಕೋಬೇಡ' ಅನ್ನೋರು. ಒಳಗಡೆ ಏನಾದ್ರೂ ಇದ್ರೆ ತಾನೇ ಇಟ್ಕೊಳ್ಳೋಕೆ? ಪೆನ್ಶನ್ ನನ್ನ ಹೆಸ್ರಿಗೆ ಬರೋಕೆ ತಡ ಆಯ್ತು, ಕೆಂಪಾಪುರದಲ್ಲೇ ಹುಡುಗೀರ ಪಿಜಿ ಒಂದ್ರಲ್ಲಿ ಅಡುಗೆಗೆ ಸೇರ್ಕೊಂಡೆ. ಐವತ್ತಾರನೇ ವಯಸ್ಸಲ್ಲಿ ಮೊದಲ್ನೇ ಕೆಲಸ, ನೋಡಿ. ಬುಟ್ಟಿಗಟ್ಲೆ ಈರುಳ್ಳಿ ಹೆಚ್ಚಿದ್ರೂ ಕಣ್ಣಲ್ಲಿ ನೀರು ಬರ್ತಿರ್ಲಿಲ್ಲ. ನಿಮ್ಮಮ್ಮ ಅಂತೂ ಹೆದ್ರಿ ನನ್ನ ಕಣ್ಣಿನ ಡಾಕ್ಟ್ರ ಹತ್ರಾನೇ ಕರ್ಕೊಂಡ್ ಹೋಗಿದ್ಲು.

ಏನ್ ಹೇಳ್ತಿದ್ದೆ? ಹಾಂ, ನಮ್ಮೂರಿಂದು. ಸಮುದ್ರದ ದಡದಲ್ಲಿ ಸಣ್ಣ ಕೋಟೆ ಇದ್ಯಲ್ಲ, ನೀವು ಆ ಫಿರಂಗಿ ಮೇಲೆ ಹತ್ತಿ ಕೂತು ಫೋಟೋ ತೆಗೆಸ್ಕೊಂಡ್ರಲ್ಲ, ಅದೇ. ಹಿಂದೆ ಯಾವ್ದೋ ರಾಜನ ಕಾಲದಲ್ಲಿ ಹಡಗು ಹತ್ತಿ ಯುದ್ಧಕ್ಕೆ ಹೋಗೋರ ಹೆಸರನ್ನ ಆ ಕೋಟೆ ಬಾಗಿಲಲ್ಲಿ ಕೂಗ್ತಿದ್ರಂತೆ. ರಾಜ ಹೋದ, ಹಡಗು ಹೋಯ್ತು, ಕೂಗೋದ್ ಮಾತ್ರ ಉಳೀತು. ದೀಪಾವಳಿ ಕಳೆದ ಮೇಲೆ ಮೊದಲ್ನೇ ಯಕ್ಷಗಾನ ಆ ಕೋಟೆ ಬಯಲಲ್ಲೇ. ಆಟ ಶುರುವಾಗೋಕ್ ಮುಂಚೆ, ಇನ್ನೂ ಬೆಳಕಿರೋವಾಗ್ಲೇ, ಹಾಡೋ ಭಾಗವತರು ಪುಸ್ತಕ ಬಿಚ್ಚಿ ಊರಿಂದ ಮಿಲಿಟರಿಗೆ ಹೋದೋರ ಹೆಸರು ಒಂದೊಂದೇ ಕೂಗ್ತಾರೆ. ರಿಟೈರ್ ಆದೋರದ್ದೂ ಕೂಗ್ತಾರೆ. ಮನೆಯೋರು ಎದ್ದು ನಿಂತು 'ಇದ್ದಾರೆ' ಅನ್ಬೇಕು. ತೀರ್ಕೊಂಡಿದ್ರೆ, ಎದ್ದು ನಿಂತು ಸುಮ್ನಿರ್ಬೇಕು. ಆಗ ಚೆಂಡೆಯವ್ನು ಮೂರು ಪೆಟ್ಟು ಹೊಡೀತಾನೆ, ಆ ಹೆಸರು ಕೋಟೆ ಬಾಗಿಲ ಹಲಗೆ ಮೇಲೆ ಬರುತ್ತೆ. ಅಜ್ಜಂಗೆ ಇದ್ದಿದ್ದು ಅದೊಂದೇ ಆಸೆ. 'ನಂಗೆ ತಿಥಿ ಗಿತಿ ಜೋರಾಗ್ ಮಾಡ್ಬೇಡ, ಆ ಹಲಗೇಲಿ ನನ್ನಪ್ಪನ ಕೆಳಗೆ ನನ್ನ ಹೆಸರು ಬಂದ್ರೆ ಸಾಕು' ಅಂತ ಎಷ್ಟ್ ಸಲ ಅಂದಿದ್ರೋ.

ಸರಿ, ಯಶವಂತಪುರದಲ್ಲಿ ರೈಲು ಹತ್ತಿ ಹೋದ್ವಿ, ನಾನು ನಿಮ್ಮಪ್ಪ. ಊರಲ್ಲಿ ನನ್ನ ಮೈದುನ ಎಲ್ಲಾ ರೆಡಿ ಮಾಡಿಟ್ಟಿದ್ದ. ಹಲಗೇಲಿ ಜಾಗ ಬಿಳಿ ಬಳ್ದಿತ್ತು, ಹೆಸರು ಬರಿಯೋನೂ ಬಂದಿದ್ದ. 'ಅತ್ತಿಗೆ, ನೀವು ಎಂತದೂ ಮಾಡೂದ್ ಬೇಡ. ಎದ್ ನಿಂತ್ಕಳಿ, ಸುಮ್ನೆ ಇರಿ. ಅಷ್ಟೇ' ಅಂದ. ಎಂಟು ತಿಂಗಳಿಂದ ಸುಮ್ನೇ ಇದೀನಪ್ಪ, ಅದೊಂದು ನಂಗೆ ಚೆನ್ನಾಗ್ ಬರುತ್ತೆ ಅನ್ಕೊಂಡೆ.

ಭಾಗವತರು ಕೂಗಿದ್ರು. 'ಬಾವಿಕಟ್ಟೆ ಮನೆ ಮಂಜುನಾಥ!' ಎದ್ದು ನಿಂತೆ. ಚೆಂಡೆಯವ್ನು ಕೋಲು ಎತ್ತಿದ. ಊರೆಲ್ಲ ನನ್ನೇ ನೋಡ್ತಿದೆ. ನಾನು, 'ಇದ್ದಾರೆ' ಅಂದ್ಬಿಟ್ಟೆ. ಮೆಲ್ಲಗಲ್ಲ, ಜೋರಾಗಿ. ಮದುವೆಯಾದಾಗ್ನಿಂದ ವರ್ಷಾ ವರ್ಷಾ ಅದನ್ನೇ ಹೇಳ್ಕೊಂಡ್ ಬಂದಿದ್ದೆ, ಬಾಯಿಗೆ ಅಭ್ಯಾಸ. ಯಾರೂ ನಗ್ಲಿಲ್ಲ. ಚೆಂಡೆಯವ್ನ ಕೋಲು ಎತ್ತಿದ್ದು ಎತ್ತಿದಂಗೇ ಇತ್ತು. ಮೈದುನ ಎದ್ದು ಬಂದ, 'ಎಂತ ಮಾಡಿದ್ರಿ ಅತ್ತಿಗೆ! ಭಾಗವತ್ರೇ, ಅವ್ರಿಗೆ ಬಾಯಿ ತಪ್ಪಿತು, ಇನ್ನೊಂದ್ಸಲ ಕೂಗಿ' ಅಂದ. ಭಾಗವತರಿಗೆ ವಯಸ್ಸಾಗಿತ್ತು. ಕನ್ನಡಕ ಸರಿಮಾಡ್ಕೊಂಡು ನನ್ನನ್ನ ನೋಡಿದ್ರು. 'ಮನೆಯವ್ರು ಇದ್ದಾರೆ ಅಂದ್ರೆ ಇದ್ದಾರೆ' ಅಂದು, ಮುಂದಿನ ಹೆಸರು ಕೂಗೇಬಿಟ್ರು. ಬಿಳಿ ಬಳಿದ ಜಾಗ ಹಂಗೇ ಉಳೀತು. ಮೈದುನ ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಅವರ ಒಂದೇ ಒಂದು ಆಸೆ, ಅದನ್ನೂ ಕೆಡಿಸಿದ್ನಲ್ಲ ಅಂತ ನಂಗೆ ಗೊತ್ತಾಗ್ತಿತ್ತು. ಆದ್ರೂ ದುಃಖ ಬರ್ಲಿಲ್ಲ ನೋಡಿ.

ಬೆಂಗಳೂರಿಗೆ ವಾಪಸ್ ಬಂದೆ, ಮತ್ತೆ ಪಿಜಿ ಅಡುಗೆಮನೆ. ಒಂದಿನ ಚಪಾತಿ ಹಿಟ್ಟು ನಾದ್ತಾ ಇದ್ದೆ. ಹೊಸದಾಗಿ ಸೇರಿದ ಹುಡುಗಿ ನೀರು ತಗೊಳೋಕೆ ಬಂದೋಳು ಕೇಳಿದ್ಲು, 'ಆಂಟಿ, ಅಂಕಲ್ ಎಲ್ಲಿದ್ದಾರೆ?' ಅಂತ. 'ಊರಲ್ಲಿದ್ದಾರಮ್ಮ' ಅಂದೆ. ಅಂದೆ, ಅಷ್ಟೇ. ಎಲ್ಲಿತ್ತೋ ಏನೋ ಆ ಅಳು, ಹಿಟ್ಟಿನ ಕೈಯಲ್ಲೇ ಮುಖ ಮುಚ್ಕೊಂಡು ನೆಲದ ಮೇಲೆ ಕೂತ್ಬಿಟ್ಟೆ. ಪಾಪ, ಆ ಹುಡುಗಿ ನೀರಿನ ಬಾಟ್ಲಿ ಹಿಡ್ಕೊಂಡು 'ಸಾರಿ ಆಂಟಿ, ಸಾರಿ ಆಂಟಿ' ಅಂತಾನೇ ಇದ್ಲು. ಅವತ್ತು ಚಪಾತಿ ಆಗ್ಲಿಲ್ಲ. ಹುಡುಗೀರಿಗೆಲ್ಲ ಅನ್ನ ಸಾರು.

ಮಾರನೇ ವರ್ಷ ಮತ್ತೆ ಹೋದೆ. ಅದೇ ಭಾಗವತರು, ಅದೇ ಹೆಸರು. ಎದ್ದು ನಿಂತೆ, ಸುಮ್ನಿದ್ದೆ. ಮೂರು ಪೆಟ್ಟು ಬಿತ್ತು. ಹಲಗೇಲಿ ಅವರಪ್ಪನ ಹೆಸರಿನ ಕೆಳಗೇ ಬರೆದ್ರು, ನೀವೂ ನೋಡಿದೀರಲ್ಲ. ನಡುವಿನ ಆ ಒಂದು ವರ್ಷಾನ ಭಾಗವತರೇ ನಂಗೆ ಸಾಲ ಕೊಟ್ಟಿದ್ದು ಅಂತ ಈಗ್ಲೂ ಅನ್ಸುತ್ತೆ. ಅಷ್ಟೇ ಕಣ್ರೋ, ಅಳು ಬರ್ದೇ ಇರೋರನ್ನ ಅವಸರ ಮಾಡ್ಬಾರ್ದು. ತಗೋ, ಈ ಸಾರಿನ ಡಬ್ಬಿ ಶಾಂತಂಗೆ ಕೊಟ್ಬಾ. ಏನೂ ಕೇಳ್ಬೇಡ, ಬಿಸಿ ಇದೆ ಅಂತ ಮಾತ್ರ ಹೇಳು.