ಹಗ್ಗ ಮೇಲೆ ಬರುವ ತನಕ

ಯಲ್ಲಾಪುರದಿಂದ ಶಿರಸಿಗೆ ಬರುವ ದಾರಿಯಲ್ಲಿ, ರಸ್ತೆಗೆ ಬೆನ್ನು ಹಾಕಿ ನಿಂತ ಸಣ್ಣ ಇಗರ್ಜಿಯೊಂದಿದೆ. ಅದರ ಹಿಂದಿನ ಹಾಡಿನ ಕೋಣೆಯಲ್ಲಿ ಆ ಸಂಜೆ ಕರೆಂಟು ಹೋಗಿತ್ತು, ಮಳೆ ಬಿಡುವ ಲಕ್ಷಣ ಇರಲಿಲ್ಲ, ಶಿರಸಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಭ್ಯಾಸ ನಿಲ್ಲಿಸಿದ ಹಾಡುಗಾರರೆಲ್ಲ ಒಂದೇ ಮೇಣದ ಬತ್ತಿಯ ಸುತ್ತ ಬೆಂಚು ಎಳೆದುಕೊಂಡು ಕೂತರು. ತೀರಿಕೊಂಡ ಎವರಿಸ್ಟ್ ಸರ್ ಅವರನ್ನು ಮಾರನೆಯ ಮಧ್ಯಾಹ್ನ ಮಣ್ಣು ಮಾಡುವುದಿತ್ತು. ಈ ಗಾಯನ ತಂಡವನ್ನು ಕಟ್ಟಿದವರು, ಶಿರಸಿ, ಸಿದ್ದಾಪುರದ ಕಡೆಯ ಹಿಂದೂ ಮಕ್ಕಳನ್ನೂ ಸೇರಿಸಿಕೊಂಡು ನಾಲ್ಕು ದನಿಯಲ್ಲಿ ಹಾಡಿಸಿದವರು, ಆಮೇಲೆ ಇಡೀ ಸೀಮೆಯ ಕಲಾ ಸಂಘಕ್ಕೆ ಮುಖ್ಯಸ್ಥರಾಗಿ ಮೆರೆದವರು ಅವರೇ.

ನಾಳೆ ಗೋರಿಯ ಬಳಿ ತಂಡವನ್ನು ನಡೆಸಬೇಕಾದವಳು ಭೂಮಿಕಾ. ಭೈರುಂಬೆಯವಳು, ಸರ್ ಅವರ ಮನೆಗೆ ಹೋಗಿ ಕಲಿತ ಕೊನೆಯ ಶಿಷ್ಯೆ. ಈ ತಂಡದ ಮುಂದೆ ಕೈ ಎತ್ತಿ ನಿಂತದ್ದು ಅವಳಿಗೆ ಇದೇ ಮೊದಲು. ಆದರೆ ಅವಳ ಜೀವ ಇಲ್ಲಿರಲಿಲ್ಲ. ನಾಳೆ ಸಂಜೆಯೇ ಹುಬ್ಬಳ್ಳಿಯಲ್ಲಿ ದೊಡ್ಡ ತಂಡವೊಂದರ ನಿರ್ದೇಶಕಿಯ ಹುದ್ದೆಗೆ ಅವಳ ಪರೀಕ್ಷೆಯಿತ್ತು; ಮಣ್ಣು ಮುಗಿಯುವ ಮೊದಲೇ ಬಸ್ಸು ಹಿಡಿದರೆ ಮಾತ್ರ ಹೊತ್ತಿಗೆ ತಲುಪಬಹುದಿತ್ತು. ವರ್ಷಗಳಿಂದ ಹಂಬಲಿಸಿದ ಕೆಲಸ, ತಪ್ಪಿದರೆ ಮತ್ತೆ ಸಿಗುವಂಥದಲ್ಲ.

"ಬಾಯಿ, ನಾಳೆ ಕೊನೇ ಹಾಡು ಒಂದು ಸಲ ಹಾಡಿದ್ರೆ ಸಾಕಲ್ದಾ? ಪೆಟ್ಟಿಗೆ ಇಳಿಸೋಕೆ ಶುರು ಮಾಡ್ತಿದ್ದಂಗೆ ನಿಲ್ಸಿ ಹೊರಡ್ತೇನೆ ನಾನು," ಎಂದಳು.

ಅವಳು ಕೇಳಿದ್ದು ಕಾರ್ಮಿನ್ ಬಾಯಿಯನ್ನು. ತಂಡದಲ್ಲಿ ಎಲ್ಲರಿಗಿಂತ ಹಿರಿಯಳು, ಮೊದಲ ದಿನದಿಂದ ಹಾಡಿದವಳು, ಮುಖಕ್ಕೆ ಹೊಡೆದಂತೆ ಮಾತಾಡುವ ಹೆಂಗಸು. ಈಗ ಮಾತ್ರ ದನಿ ತಗ್ಗಿಸಿದಳು.

"ಕೂತ್ಕೊ ಮಗಾ. ನೀವೂ ಹತ್ರ ಬನ್ನಿ ಎಲ್ಲ. ಎವರಿಸ್ಟ್ ಸರ್ ಕೈ ಎತ್ತಿ ಹಾಡ್ಸೋದು ಯಾಕೆ ಬಿಟ್ರು ಅಂತ ನಿಮ್ಮಲ್ಲಿ ಯಾರಾದ್ರೂ ಕೇಳಿದ್ರಾ? ಕೇಳಿದ್ರೂ ಅವ್ರು ಹೇಳ್ತಿರ್ಲಿಲ್ಲ ಬಿಡಿ. ಸಂಘದ ಕುರ್ಚಿ ಸಿಕ್ತು, ಉತ್ಸವ ಮಾಡಿಸಿದ್ರು, ಶಾಲು ಹೊದೆಸ್ಕೊಂಡ್ರು, ಪಾಪ ಪುರುಸೊತ್ತಿಲ್ಲ ಅಂತ ಊರೆಲ್ಲ ಅಂದ್ಕೊಳ್ತು. ಪುರುಸೊತ್ತಲ್ಲ ಅದು... ಹೆದ್ರಿಕೆ.

"ನಮ್ಮಲ್ಲಿ ಸೆರಾಫಿನಾ ಅಂತ ಒಬ್ಳಿದ್ಳು, ಮೇಲಿನ ದನಿಯವಳು. ಎಂಥ ದನಿ ಮಾರಾಯ್ರೇ! ಪೂಜೆ ನಡುವೆ ಪಾದ್ರಿಗಳೇ ತಲೆ ಎತ್ತಿ ನೋಡೋರು. ಅವ್ಳಿಗೊಂದು ಹಟ, ಹಾಡು ನಿಲ್ಸಿ ಅಂತ ಸರ್ ಮುಷ್ಟಿ ಮುಚ್ಚೋ ತನಕ ಒಂದೇ ಉಸಿರಲ್ಲಿ ದನಿ ಎಳೆದು ಹಿಡಿಯೋಳು, ಅವ್ರು ಮುಚ್ಚದಿದ್ರೆ ಬಿಡೋಳೇ ಅಲ್ಲ. ಒಂದು ಮಳೆಗಾಲ ಜ್ವರ ಬಂತು, ಹೋಗೇ ಬಿಟ್ಳು.

"ನಮ್ಮ ಇಗರ್ಜಿ ಕಟ್ಟಳೆ ಭೂಮಿಕಂಗೆ ಗೊತ್ತಿರ್ಲಿಕ್ಕಿಲ್ಲ. ತಂಡದೋರು ಯಾರಾದ್ರೂ ತೀರ್ಕೊಂಡ್ರೆ ಬೀಳ್ಕೊಡೋ ಹಾಡನ್ನ ಗೋರಿ ಹತ್ರ ಶುರು ಮಾಡ್ಬೇಕು, ಪೆಟ್ಟಿಗೆ ತಳ ಮುಟ್ಟಿ, ಇಳಿಸಿದ ಹಗ್ಗ ಮೇಲೆ ಬರೋ ತನಕ ಹಾಡ್ತಾನೇ ಇರ್ಬೇಕು, ಹಾಡು ಮುಗಿದ್ರೆ ಮತ್ತೆ ಮೊದ್ಲಿಂದ. ಹಗ್ಗ ಮೇಲೆ ಬಂದ ಮೇಲೇ ಮುಷ್ಟಿ ಮುಚ್ಚೋದು. ಯಾಕೆ? ಸತ್ತೋರೂ ನಮ್ಮ ಸಂಗಡ ಹಾಡ್ತಿರ್ತಾರೆ ಅಂತ ಹಿರೇರ ನಂಬಿಕೆ. ಅವ್ರೂ ಆ ಕೈ ನೋಡ್ಕೊಂಡೇ ನಿಲ್ಸೋದು.

"ಆವತ್ತು ಏನಾಯ್ತು ಕೇಳಿ. ಸಂಜೆ ಶಿರಸಿಯಲ್ಲಿ ಸರ್ ಅವ್ರ ಕಾರ್ಯಕ್ರಮ, ಸಂಘಕ್ಕೆ ಯಾರನ್ನ ಮುಖ್ಯಸ್ಥ ಮಾಡೋದು ಅಂತ ನೋಡೋಕೇ ದೊಡ್ಡ ದೊಡ್ಡೋರು ಬರೋರಿದ್ರು. ಇಲ್ಲಿ ಗುಂಡಿ ಮಣ್ಣು ಮಳೆಗೆ ಕುಸಿದು ಪೆಟ್ಟಿಗೆ ಅರ್ಧಕ್ಕೇ ಸಿಕ್ಕಾಕೊಳ್ತು. ಅಗೆಯೋರು, ಮತ್ತೆ ಅಗಲ ಮಾಡ್ಬೇಕು, ತಡೀರಿ ಅಂದ್ರು. ಸರ್ ಗಡಿಯಾರ ನೋಡಿದ್ರು, ನಮ್ಮನ್ನ ನೋಡಿದ್ರು... ಮುಷ್ಟಿ ಮುಚ್ಚಿಬಿಟ್ರು. ನಾವೂ ನಿಲ್ಸಿದ್ವಿ, ನಿಲ್ಸದೆ ಎಂತ ಮಾಡೋದು? ಪೆಟ್ಟಿಗೆ ಇನ್ನೂ ಹಗ್ಗದ ಮೇಲೆ ನೇತಾಡ್ತಿತ್ತು ಮಗಾ, ನಮ್ಮ ಸೆರಾಫಿನಾ ಅದ್ರೊಳಗೆ... ಸರ್ ನಮ್ಮನ್ನ ವ್ಯಾನಿಗೆ ಹತ್ತಿಸಿ ಹೊರಟೇ ಬಿಟ್ರು.

"ಶಿರಸಿ ವೇದಿಕೆ ಮೇಲೆ ಮೊದ್ಲನೇ ಹಾಡು ಮುಗೀತು. ಮುಷ್ಟಿ ಮುಚ್ಚಿದ್ರು, ನಾವು ನಿಲ್ಸಿದ್ವಿ, ಜನ ಚಪ್ಪಾಳೆ ತಟ್ಟಿದ್ರು. ಸರ್ ಮಾತ್ರ ಮೇಲಿನ ದನಿಯೋರ ಕಡೆ ನೋಡ್ತಾ ನಿಂತ್ರು. ಮತ್ತೆ ಮುಷ್ಟಿ ಮುಚ್ಚಿದ್ರು. ಮತ್ತೆ ಮುಚ್ಚಿದ್ರು. ಆಮೇಲೆ ಅಷ್ಟು ಜನ್ರ ಮುಂದೆ 'ನಿಲ್ಸೇ' ಅಂತ ಕಿರುಚಿದ್ರು... ಯಾರಿಗೆ? ನಮ್ಮ ಬಾಯಿ ಮುಚ್ಚೇ ಇತ್ತು. ಅವ್ರ ಕಿವಿಗೆ ಮಾತ್ರ ಒಂದು ದನಿ ಹಾಡ್ತಾನೇ ಇತ್ತು.

"ಅವ್ರು ಮಾಡದೇ ಬಿಟ್ಟಿದ್ದು ಎಂತದೂ ಇಲ್ಲ. ಪಾದ್ರಿಗಳ ಹತ್ರ ಪಾಪ ಹೇಳ್ಕೊಂಡ್ರು. ನಮ್ಮನ್ನೆಲ್ಲ ಕಟ್ಕೊಂಡು ಗೋರಿ ಹತ್ರ ಹೋಗಿ, ಗಂಟಲು ಕಟ್ಟೋ ತನಕ ಅದೇ ಹಾಡು ಹಾಡಿಸಿದ್ರು. ನಿಲ್ತದಾ? ಮುಚ್ಚಿದ ಮಣ್ಣಿಂದ ಹಗ್ಗ ಹೇಗೆ ಮೇಲೆ ಬರ್ಬೇಕು?

"ತಲೆ ಕೆಟ್ಟಿದೆ ಅಂದ್ರು ನಮ್ಮ ತಂಡದೋರು. ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದಿನ ಸರ್ ಬರ್ಲಿಲ್ಲ, ನಾನೇ ಎದ್ದು ಮುಂದೆ ನಿಂತು ಕೈ ಎತ್ತಿದೆ. ಹಾಡು ಮುಗೀತು, ಮುಷ್ಟಿ ಮುಚ್ಚಿದೆ... ದೇವ್ರಾಣೆ ಹೇಳ್ತೇನೆ, ಸೆರಾಫಿನಾ ಹಾಡ್ತಿದ್ಳು. ಉಸಿರು ಸಾಲದೆ ದನಿ ನಡುಗ್ತಿತ್ತು, ಬಿಡೋಕೆ ಮಾತ್ರ ಒಪ್ಪಿಗೆ ಸಿಕ್ಕಿರ್ಲಿಲ್ಲ ಅವ್ಳಿಗೆ. ಕೈ ಎತ್ತಿದೋರಿಗೆ ಮಾತ್ರ ಕೇಳ್ತದೆ ಅದು. ನಾನು ಮತ್ತೆ ಈ ಕೈ ಎತ್ತಲಿಲ್ಲ. ಶಿರಸಿಯಲ್ಲಿ ಕಿರುಚಿದ್ದನ್ನ ದೊಡ್ಡೋರು ದುಃಖಕ್ಕೆ ಅಂತ ಬಿಟ್ಟುಕೊಟ್ರು, ಸರ್ ಸಂಘದ ಕುರ್ಚಿ ಹಿಡಿದ್ರು. ಆಮೇಲೆ ಹಾಡ್ಸೋಕೆ ಬಂದೋರೂ ಯಾರೂ ಬಹಳ ದಿನ ನಿಲ್ಲಲಿಲ್ಲ."

ಕೀಬೋರ್ಡ್ ನುಡಿಸುವ ಬನವಾಸಿಯ ರವೀಂದ್ರ, "ಸಾಕ್ ಬಿಡ್ರಿ ಬಾಯಾರ, ಮನೀಗೆ ಹೋಗೂದೈತಿ," ಎಂದು ಗೊಣಗಿದ.

ಭೂಮಿಕಾಳಿಗೆ ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಸರ್ ಮಾಡಿದ್ದನ್ನೇ ಅವಳು ನಾಳೆ ಸರ್ ಅವರಿಗೆ ಮಾಡಲು ಹೊರಟಿದ್ದಳು. ಬಾಗಿಲ ಬಳಿ ಹೋಗಿ ಹುಬ್ಬಳ್ಳಿಗೆ ಫೋನು ಮಾಡಿದಳು. ಬೇರೆ ದಿನ ಕೊಡುವುದಿಲ್ಲ, ನಾಳೆ ಬಾರದಿದ್ದರೆ ಆಸೆ ಬಿಟ್ಟುಬಿಡಿ ಎಂದರು. ಬಿಟ್ಟೆ ಎಂದು ಹೇಳಿ ವಾಪಸು ಬರುವಾಗ ಅವಳ ಕಣ್ಣು ತುಂಬಿತ್ತು.

"ಹಗ್ಗ ಮೇಲೆ ಬರೋ ತನಕ ನಿಲ್ತೇನೆ ಬಾಯಿ. ಸರ್‌ಗೆ ಹಾಗಾಗೋದು ಬೇಡ."

"ಒಳ್ಳೇದಾಯ್ತು. ಸರ್ ಸುಮ್ಮನಾಗ್ತಾರೆ." ಕಾರ್ಮಿನ್ ಬಾಯಿ ಅವಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಸೆರಾಫಿನಾ ಸುಮ್ಮನಾಗ್ಬೇಕಲ್ಲ... ಅವ್ಳನ್ನ ಅರ್ಧಕ್ಕೆ ಬಿಟ್ಟ ಕೈ ನಾಳೆ ಮಣ್ಣಿಗೆ ಹೋಗ್ತದೆ. ಇನ್ನು ಅವ್ಳಿಗೆ ನೋಡೋಕೆ ಇರೋದು ಈ ಕೈಯೊಂದೇ. ಆಗ, ಕರೆಂಟು ಹೋಗೋ ಮೊದ್ಲು, ಕೊನೇ ಹಾಡಿಗೆ ಮುಷ್ಟಿ ಮುಚ್ಚಿದ ಮೇಲೂ 'ಸಾಕು, ಸಾಕು' ಅಂತ ಮೇಲಿನ ದನಿಯೋರ ಕಡೆ ಗದರಿಸ್ತಿದ್ದೆಯಲ್ಲ, ಅದು ಯಾರಿಗೆ ಮಗಾ? ನಾವೆಲ್ಲ ಆಗ್ಲೇ ನಿಲ್ಸಿದ್ವಿ..."